ಹೆಸರು ಬರೆಯದಿದ್ದರೆ ಲೆಕ್ಕಕ್ಕೆ ಸಿಗದ ಸಾವು

ಅಮೆರಿಕದಲ್ಲಿ ಫೆಂಟನಿಲ್ ಎಂಬ ಕೃತಕ ಓಪಿಯಾಯ್ಡ್‌ನ ಪಿಡುಗು 2013ರಲ್ಲಿ ಶುರುವಾಯಿತೆಂದು ಹೇಳುವುದು ವಾಡಿಕೆ. ಆದರೆ ಮುನ್ಸೂಚನೆ ಅದಕ್ಕೂ ಮೊದಲೇ ಸಿಕ್ಕಿತ್ತು. 2005ರ ಏಪ್ರಿಲ್‌ನಿಂದ 2007ರ ಮಾರ್ಚ್‌ವರೆಗೆ ಶಿಕಾಗೊ, ಡೆಟ್ರಾಯಿಟ್, ಫಿಲಡೆಲ್ಫಿಯಾ ಮೊದಲಾದ ಕಡೆ ಅಕ್ರಮ ಫೆಂಟನಿಲ್‌ಗೆ 1,013 ಮಂದಿ ಬಲಿಯಾದರು. ಅವರನ್ನು ಎಣಿಸಲು ಕಾಯಂ ವ್ಯವಸ್ಥೆ ಇರಲಿಲ್ಲ. ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮತ್ತು ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎ ಸೇರಿ ತಾತ್ಕಾಲಿಕವಾಗಿ ಒಂದನ್ನು ಕಟ್ಟಿದವು. 2006ರಲ್ಲಿ ಮೆಕ್ಸಿಕೊದ ಟೊಲುಕಾದಲ್ಲಿದ್ದ ಅಕ್ರಮ ಫೆಂಟನಿಲ್ ತಯಾರಿಕಾ ಘಟಕ ಮುಚ್ಚಿತು, ಸಾವು ಇಳಿಯಿತು; ಆ ಎಣಿಕೆ ಶಾಶ್ವತವಾಗಲಿಲ್ಲ. ಆಸ್ಪತ್ರೆಗಳ ತುರ್ತು ವಿಭಾಗದಿಂದ ಮಾಹಿತಿ ತರುತ್ತಿದ್ದ ‘ಡಾನ್’ ಜಾಲವೂ 2011ರಲ್ಲಿ ನಿಂತಿತು. ಎರಡು ವರ್ಷಕ್ಕೆ ಫೆಂಟನಿಲ್ ಮತ್ತೆ ಬಂದಾಗ ಅದನ್ನು ಗುರುತಿಸುವ ಕಣ್ಣುಗಳು ಕಡಿಮೆಯಾಗಿದ್ದವು.

ಆಗ ಮುಖ್ಯ ಆಧಾರವಾಗಿ ಉಳಿದದ್ದು ಮರಣ ಪ್ರಮಾಣಪತ್ರ. ಅದನ್ನು ತುಂಬುವ ಕೊರೊನರ್, ಅಂದರೆ ಸಾವಿನ ತನಿಖಾಧಿಕಾರಿ, ಅನೇಕ ಕೌಂಟಿಗಳಲ್ಲಿ ಚುನಾಯಿತ ವ್ಯಕ್ತಿ, ವೈದ್ಯನೇ ಆಗಿರಬೇಕೆಂದಿಲ್ಲ. ಸಾಮಾನ್ಯ ಓಪಿಯೇಟ್ ತಪಾಸಣೆಗೆ ಫೆಂಟನಿಲ್ ಸಿಗದು. ಬೇರೆ ಪರೀಕ್ಷೆಯನ್ನೇ ಮಾಡಿಸಬೇಕು. 2014ರಲ್ಲೂ ಮಿತಿಮೀರಿದ ಸೇವನೆಯ ಸಾವುಗಳಲ್ಲಿ ಸುಮಾರು ಐದರಲ್ಲೊಂದಕ್ಕೆ ಯಾವ ಮಾದಕವಸ್ತು ಕಾರಣವೆಂದೇ ದಾಖಲಾಗಿರಲಿಲ್ಲ. ಹೆಸರು ಬರೆದರೂ ಅದು ಸಾವಿನ ಕಾರಣಗಳ ವರ್ಗೀಕರಣದ ಟಿ40.4 ಎಂಬ ಸಂಕೇತದೊಳಗೆ ಟ್ರಮಡಾಲ್‌ನಂಥ ಔಷಧದ ಜೊತೆಗೇ ಸೇರಿಹೋಗುತ್ತಿತ್ತು. ಆ ಸಂಕೇತದ ಸಾವುಗಳು 2013ರಲ್ಲಿ 3,105 ಇದ್ದದ್ದು 2016ರಲ್ಲಿ 19,413ಕ್ಕೆ ಏರಿದವು. ಆಮೇಲೆ ವ್ಯವಸ್ಥೆ ಚುರುಕಾಯಿತು. 2016ರಲ್ಲಿ ಕೆಲವು ರಾಜ್ಯಗಳಿಂದ ಶುರುವಾದ ಯೋಜನೆ ಪ್ರಮಾಣಪತ್ರ, ತನಿಖಾ ವರದಿ, ವಿಷಪರೀಕ್ಷೆಗಳನ್ನು ಒಂದೆಡೆ ಜೋಡಿಸಿತು. 2017ರಿಂದ ತಾತ್ಕಾಲಿಕ ಅಂಕಿಗಳು ಪ್ರತಿ ತಿಂಗಳೂ ಹೊರಬರತೊಡಗಿದವು.

ಸತ್ತವರನ್ನು ಎಣಿಸಿದರೆ ಯಾರೂ ಬದುಕುವುದಿಲ್ಲ, ಆ ಹಣ ಚಿಕಿತ್ಸೆಗೆ ಹೋಗಲಿ ಎನ್ನುವವರಿದ್ದಾರೆ. ಆದರೆ ಓಪಿಯಾಯ್ಡ್‌ನ ಪರಿಣಾಮ ಇಳಿಸುವ ಔಷಧ ನಲೊಕ್ಸೋನ್ ಯಾವ ಊರಿಗೆ ಮೊದಲು ತಲುಪಬೇಕೆಂದು ಎಣಿಕೆಯಿಲ್ಲದೆ ಹೇಳುವುದು ಹೇಗೆ? ಫೆಂಟನಿಲ್ ಜೊತೆ ಈಗ ಬೆರೆತು ಬರುತ್ತಿರುವ ಕ್ಸೈಲಜೀನ್ ಎಂಬ ಪಶುಗಳ ಮಂಪರು ಔಷಧ ಓಪಿಯಾಯ್ಡ್ ಅಲ್ಲ, ನಲೊಕ್ಸೋನ್‌ಗೆ ಬಗ್ಗದು. ಅದು ಎಲ್ಲಿದೆಯೆಂದು ಖಚಿತವಾಗಿ ತಿಳಿಸುವುದು ಪ್ರಯೋಗಾಲಯ. ಮಾಹಿತಿ ಪೊಲೀಸರ ಕೈಸೇರಿದರೆ ಜನ ಆಂಬುಲೆನ್ಸ್ ಕರೆಯಲು ಹೆದರುತ್ತಾರೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಉತ್ತರ ಎಣಿಕೆ ನಿಲ್ಲಿಸುವುದಲ್ಲ. ಹೆಸರು, ವಿಳಾಸಗಳನ್ನು ಆರೋಗ್ಯ ಇಲಾಖೆಯೊಳಗೇ ಕಾನೂನಿನ ಕಾವಲಿನಲ್ಲಿಡುವುದು. 2023ರಲ್ಲಿ 1,05,007 ಇದ್ದ ಒಟ್ಟು ಮಾದಕವಸ್ತು ಸಾವುಗಳು 2024ರಲ್ಲಿ ಸುಮಾರು 80,000ಕ್ಕೆ ಇಳಿದಿವೆ. ಇಳಿಕೆ ನಿಜವೇ, ಎಲ್ಲಿ, ಯಾರಲ್ಲಿ ಎಂದು ತಿಳಿಯಲೂ ಇದೇ ಎಣಿಕೆ ಬೇಕು. ಸಾವು ಕಡಿಮೆಯಾದ ವರ್ಷದಲ್ಲೂ ಪ್ರಯೋಗಾಲಯಕ್ಕೆ, ತನಿಖಾಧಿಕಾರಿಗೆ ಹಣ ಕೊಡುವ ಸರ್ಕಾರಕ್ಕೆ ಮಾತ್ರ ಮುಂದಿನ ಅಪಾಯ ಬೇಗ ಗೊತ್ತಾಗುತ್ತದೆ.