ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ: ಆಮೇಲಿನ ತಿಂಗಳುಗಳು

ಕೆಲವರಿಗೆ ಸೊಂಟದ ಕೀಲಿನ ಗುಳಿ ಸಾಕಷ್ಟು ಆಳವಾಗಿ ಬೆಳೆದಿರುವುದಿಲ್ಲ. ತೊಡೆಮೂಳೆಯ ತಲೆಯನ್ನು ಅದು ಪೂರ್ತಿ ಮುಚ್ಚದ ಕಾರಣ ಮೈಭಾರವೆಲ್ಲ ಗುಳಿಯ ಅಂಚಿನ ಮೇಲೆ ಬೀಳುತ್ತದೆ. ಹೆಣ್ಣುಮಕ್ಕಳಲ್ಲಿ ಈ ದೋಷ ಹೆಚ್ಚು. ಎಷ್ಟೋ ವರ್ಷ ಗೊತ್ತಾಗದೆ ಇದ್ದು, ತೋಟದ ಇಳಿಜಾರು ಹತ್ತಿಳಿಯುವಾಗ ತೊಡೆಸಂದಿಯ ನೋವಾಗಿ ತಲೆದೋರುವುದುಂಟು. ಅಲಕ್ಷಿಸಿದರೆ ಕೀಲು ಬೇಗ ಸವೆಯುತ್ತದೆ.

1984ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಡಾ. ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು ಆರಂಭಿಸಿದ ವಿಧಾನದಲ್ಲಿ ಗುಳಿಯ ಸುತ್ತಲ ಮೂಳೆಯನ್ನು ಕತ್ತರಿಸಿ, ಸರಿಯಾಗಿ ತಿರುಗಿಸಿ, ಸ್ಕ್ರೂಗಳಿಂದ ಬಿಗಿಯುತ್ತಾರೆ. ಸ್ವಂತ ಕೀಲೇ ಉಳಿಯುತ್ತದೆ. ಆದರೆ ಕಸಿ ಕಟ್ಟಿದ ಗಿಡದಂತೆ, ಕೂಡಿಕೊಳ್ಳುವ ತನಕ ಅದನ್ನು ಅಲುಗಿಸಬಾರದು.

ಸಾಮಾನ್ಯವಾಗಿ ಮೊದಲ 6ರಿಂದ 8 ವಾರ ಎರಡು ಊರುಗೋಲು ಬೇಕು. ಆ ಕಾಲಿನ ಮೇಲೆ ವೈದ್ಯರು ಹೇಳಿದಷ್ಟೇ ಭಾರ ಹಾಕಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಊರುಗೋಲು ಮತ್ತು ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ಮನೆಯಲ್ಲಿ ಎತ್ತರದ ಮಂಚ, ಕುರ್ಚಿ, ಕಮೋಡು ಇರಲಿ. ಬಚ್ಚಲಿನ ಪಾಚಿ ಉಜ್ಜಿ ತೆಗೆಯಿರಿ. ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು ವೈದ್ಯರು ಒಪ್ಪಿದ ಮೇಲೆಯೇ.

ಊರುಗೋಲು ಬಿಟ್ಟ ಮೇಲೂ ಕೆಲವು ದಿನ ಕುಂಟುವುದು ಸಹಜ. ಸೊಂಟದ ಪಕ್ಕದ ಸ್ನಾಯು ಬಲಗುಂದಿರುತ್ತದೆ. ಕಲಿಸಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಬೇಕು. ಒಂದೇ ಕೋಲು ಹಿಡಿಯುವಾಗ ಅದು ಎದುರು ಬದಿಯ ಕೈಯಲ್ಲಿರಲಿ. ಕೀಲಿನ ಭಾರ ಕಡಿಮೆಯಾಗುತ್ತದೆ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನೂ ಬಿಡುವುದೇ ಕ್ಷೇಮ. ಮೀನಖಂಡ ಬಾತು ನೋಯುವುದು, ಜ್ವರ, ಗಾಯದಿಂದ ಕೀವು ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಏದುಸಿರು, ಎದೆನೋವು ಬಂದರಂತೂ ಒಂದು ಗಳಿಗೆಯೂ ಕಾಯಕೂಡದು.

ಸದಸ್ಯ ಬಾಂಧವರಲ್ಲಿ ನಮ್ಮ ಮುಖ್ಯ ಅರಿಕೆ ಇದು. ನೋವು ನಿಂತೊಡನೆ "ಗುಣವಾಯಿತಲ್ಲ" ಎಂದು ಕೆಲಸಕ್ಕೆ ಹಚ್ಚುವುದು ನಮ್ಮಲ್ಲಿ ರೂಢಿ. ನೋವು ನಿಲ್ಲುವುದು ಬೇರೆ, ಮೂಳೆ ಕೂಡುವುದು ಬೇರೆ. ಎರಡನೆಯದನ್ನು ಎಕ್ಸ್‌ರೇಯಲ್ಲಿ ನೋಡಿಯೇ ತಿಳಿಯಬೇಕು. ಹೊರೆ ಹೊತ್ತು ಇಳಿಜಾರಿನಲ್ಲಿ ನಡೆಯುವಂಥ ಕೆಲಸಕ್ಕೆ 6 ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ತಗ್ಗು ಮಣೆಯಲ್ಲಿ ಕೂತು ಅಡಿಕೆ ಸುಲಿಯುವುದೂ ಆಗ ಹೊಂದದು. ಕೂಲಿ ತಪ್ಪೀತೆಂಬ ಭಯಕ್ಕೆ ಹಣ್ಣು ಕೊಯ್ಯಲು ಬರುವ ಹೆಣ್ಣುಮಗಳಿಗೆ, ವೈದ್ಯರು ಒಪ್ಪಿದ ಮೇಲೆ, ಮೇಜಿನ ಮುಂದೆ ಕೂತು ಕಾಳು ಆರಿಸುವ ಕೆಲಸವನ್ನು ಅದೇ ಕೂಲಿಗೆ ಕೊಡೋಣ. ಒಂದು ಕೊಯ್ಲಿನ ಆತುರಕ್ಕೆ ಅವಳ ಜನ್ಮದ ನಡಿಗೆ ಕೆಡದಿರಲಿ.