ಆಯಿಲ್‌ಗೆ ನೀರು ಸೇರಿದೆಯೇ? ಎಂಜಿನ್ ಬಿಚ್ಚುವ ಮೊದಲು ನೋಡಿ

ಟ್ರ್ಯಾಕ್ಟರ್ ಎಂಜಿನ್ನಿನೊಳಗೆ ನೀರಿಗೊಂದು ದಾರಿ, ಆಯಿಲ್‌ಗೊಂದು ದಾರಿ. ಎರಡೂ ಪಕ್ಕಪಕ್ಕದಲ್ಲೇ ಹರಿಯುತ್ತವೆ, ಆದರೆ ಸೇರಬಾರದು. ಸೇರಿದರೆ ಆಯಿಲ್‌ನ ಜಿಡ್ಡು ಹೋಗಿ ಬೇರಿಂಗ್ ಸವೆಯುತ್ತದೆ, ಕ್ರ್ಯಾಂಕ್ ಕೆಡುತ್ತದೆ. ಒಂದು ಪ್ಯಾಕಿಂಗ್‌ನಲ್ಲೋ ರಬ್ಬರ್ ರಿಂಗಿನಲ್ಲೋ ಮುಗಿಯುವ ಖರ್ಚು ಇಡೀ ಎಂಜಿನ್ ಕಟ್ಟಿಸುವ ತನಕ ಹೋಗುತ್ತದೆ. ನಮ್ಮ ಚಳ್ಳಕೆರೆ ಕಡೆ ಶೇಂಗಾ ಬಿತ್ತಲು ಹದ ಸಿಗೋದೇ ಮೂರ್ನಾಲ್ಕು ದಿನ. ಆಗ ಗಾಡಿ ನಿಂತರೆ ಬಿತ್ತನೆಯೂ ಹೋಯ್ತು.

ಮೊದಲು ಕಡ್ಡಿ ನೋಡಿ

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಕರಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಲೆಕ್ಕ. ಮಟ್ಟ ಮೇಲೇರಿದ್ದರೂ ಅನುಮಾನ ಪಡಿ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ.

ಬಣ್ಣ ಕಪ್ಪಾಗೇ ಇದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಸೇರಿರುವುದು ಡೀಸೆಲ್. ಆಗ ಪಂಪು, ನಾಜಲ್ ಕಡೆ ನೋಡಬೇಕು. ಚಳಿಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಮಾತ್ರ ಬಿಳಿ ನೊರೆ ಇದ್ದು, ಕಡ್ಡಿಯ ಆಯಿಲ್ ಸರಿ ಇದ್ದರೆ, ರೇಡಿಯೇಟರ್ ನೀರೂ ಇಳಿಯದಿದ್ದರೆ ಹೆದರಬೇಡಿ. ಅದು ತಣ್ಣಗಾದ ಆವಿ.

ಅನುಮಾನ ಉಳಿದರೆ ಹಳೇ ತಗಡೊಂದನ್ನು ಚೆನ್ನಾಗಿ ಕಾಯಿಸಿ, ಬೆಂಕಿಯಿಂದ ದೂರ ತಂದು, ಒಂದೇ ಹನಿ ಆಯಿಲ್ ಬಿಡಿ. ಸಾಸಿವೆ ಸಿಡಿದ ಹಾಗೆ ಚಟಪಟ ಅಂದರೆ ನೀರಿದೆ. ಮುಖ ಹತ್ತಿರ ಒಯ್ಯಬೇಡಿ.

ಇನ್ನೊಂದು ದಾರಿ ಇದೆ. ರಾತ್ರಿಯೆಲ್ಲ ನಿಂತ ಗಾಡಿಯ ಕೆಳಗಿನ ಡ್ರೈನ್ ನಟ್ಟನ್ನು ಪೂರ್ತಿ ಬಿಚ್ಚದೆ ಸಡಿಲಿಸಿ. ನೀರು ಭಾರ, ತಳದಲ್ಲಿ ಕೂತಿರುತ್ತದೆ. ಮೊದಲು ಅದೇ ಇಳಿಯುತ್ತದೆ. ಪೂರಾ ಕಲಸಿ ಮಜ್ಜಿಗೆಯಂತಾಗಿದ್ದರೆ ಮಾತ್ರ ಬೇರೆಯಾಗಿ ಬಾರದು.

ಎಲ್ಲಿಂದ ಬಂತು?

ಹೆಡ್ ಪ್ಯಾಕಿಂಗ್: ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಬಿಡದೆ ಏಳುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಪ್ಯಾಕಿಂಗ್ ಹೋಗಿರಬೇಕು, ಇಲ್ಲವೇ ಹೆಡ್ ಸೀಳಿರಬೇಕು. ಬಿಸಿ ಎಂಜಿನ್ನಿನ ಮುಚ್ಚಳ ಯಾವತ್ತೂ ತೆಗೆಯಬೇಡಿ, ಮೈ ಸುಡುತ್ತದೆ.

ಲೈನರ್ ರಬ್ಬರ್: ಗುಳ್ಳೆ ಇಲ್ಲ, ಹೊಗೆ ಇಲ್ಲ, ಆದರೂ ರೇಡಿಯೇಟರ್ ಇಳಿಯುತ್ತದೆ, ಆಯಿಲ್ ಏರುತ್ತದೆ. ಲೈನರ್ ಸುತ್ತ ನೀರು ನಿಲ್ಲುವ ಎಂಜಿನ್‌ಗಳಲ್ಲಿ ಬುಡದ ರಬ್ಬರ್ ರಿಂಗ್ ಸೋತರೆ ಹೀಗಾಗುತ್ತದೆ. ನಮ್ಮೂರಿನ ಒಂದು ಗಾಡಿಗೆ ಮೆಕ್ಯಾನಿಕ್ ಹೆಡ್ ಇಳಿಸೋಣ ಅಂದಿದ್ದ. ಮೊದಲು ಆಯಿಲ್ ಚೇಂಬರ್ ಇಳಿಸಿ, ರೇಡಿಯೇಟರ್ ತುಂಬಿಸಿ, ಅಡಿಯಲ್ಲಿ ಕಾಗದ ಹಾಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಮೂರನೇ ಲೈನರ್ ಬುಡದಿಂದ ತೊಟ್ಟಿಕ್ಕುತ್ತಿತ್ತು. ಎಲ್ಲಿಂದ ಅಂತ ಕಣ್ಣಿಗೆ ಕಂಡ ಮೇಲೇ ಮುಂದಿನ ಕೆಲಸಕ್ಕೆ ಕೈ ಹಾಕಿದ್ದು.

ಆಯಿಲ್ ಕೂಲರ್: ಇದಿರುವ ಎಂಜಿನ್‌ಗಳಲ್ಲಿ ಮೊದಲು ಕೆಡುವುದು ರೇಡಿಯೇಟರ್ ನೀರು, ಮೇಲೆ ಜಿಡ್ಡು ತೇಲುತ್ತದೆ. ಎಂಜಿನ್ ಓಡುವಾಗ ಆಯಿಲ್ ಒತ್ತಡ ನೀರಿಗಿಂತ ಹೆಚ್ಚು, ಹಾಗಾಗಿ ಆಯಿಲ್ ಆಚೆ ನುಗ್ಗುತ್ತದೆ. ನಿಲ್ಲಿಸಿದೊಡನೆ ಆಯಿಲ್ ಒತ್ತಡ ಇಲ್ಲವಾಗುತ್ತದೆ. ಬಿಸಿ ನೀರಿನ ಒತ್ತಡ ಇನ್ನೂ ಇರುತ್ತದೆ, ನೀರು ಈಚೆ ಬರುತ್ತದೆ. ಕಾರು, ಜೀಪಿನಲ್ಲೂ ಇದೇ ಲೆಕ್ಕ.

ರಿಪೇರಿ ಆದ ಮೇಲೆ

ಹೆಡ್ ಇಳಿಸಿದರೆ ಅದರ ಮುಖ ಸೊಟ್ಟಗಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಿಸಿ. ಸೊಟ್ಟ ಹೆಡ್‌ಗೆ ಹೊಸ ಪ್ಯಾಕಿಂಗ್ ನಿಲ್ಲದು. ಬೋಲ್ಟ್‌ಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಅಳತೆಯ ಪಾನಾದಿಂದಲೇ ಬಿಗಿಸಬೇಕು. ಹೊಸ ಆಯಿಲ್, ಫಿಲ್ಟರ್ ಹಾಕಿ ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಿ. ಒಳಗುಳಿದ ನೀರು ಆಗ ಹೋಗುತ್ತದೆ.

ಒಕ್ಕಣೆ ಕಾಲದಲ್ಲಿ ರೇಡಿಯೇಟರ್ ಜಾಲರಿಗೆ ಹೊಟ್ಟು ತುಂಬುತ್ತದೆ. ಸವಳು ಬೋರಿನ ನೀರು ಒಳಗೆ ಗಾರೆ ಕಟ್ಟುತ್ತದೆ. ಎಂಜಿನ್ ಕಾದು ಪ್ಯಾಕಿಂಗ್ ಹೋಗುವುದು ಹೆಚ್ಚಾಗಿ ಇವುಗಳಿಂದಲೇ. ದಿನಾ ಜಾಲರಿ ಊದಿಸಿ, ಕಂಪನಿ ಹೇಳಿದ ಕೂಲೆಂಟ್ ಹಾಕಿ. ಹಳೇ ಕೂಲೆಂಟ್ ಚೆಲ್ಲಬೇಡಿ. ಅದು ಸಿಹಿ ಇರುತ್ತದೆ, ದನ, ನಾಯಿ ನೆಕ್ಕಿದರೆ ಸಾಯುತ್ತವೆ.

ಬಣ್ಣ ತಿರುಗಿದ ಆಯಿಲ್ ಕಂಡ ಮೇಲೆ "ಇವತ್ತೊಂದು ದಿನ ಉತ್ತು ಬಿಡೋಣ" ಅನ್ನಬೇಡಿ. ನಿಲ್ಲಿಸಿ. ಮೆಕ್ಯಾನಿಕ್ ಬಂದಾಗ ಗುಳ್ಳೆ ಇತ್ತೇ, ಹೊಗೆ ಇತ್ತೇ, ಯಾವುದು ಏರಿತು, ಯಾವುದು ಇಳಿಯಿತು ಎಂದು ಹೇಳಿ. ಆಗ ಬೇಕಾದಷ್ಟನ್ನೇ ಬಿಚ್ಚುತ್ತಾನೆ.