ದಂಪತಿಯ ಪ್ರೇಷಿತಕಾರ್ಯ: ಕರೆ ಯಾರಿಗೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಿಗೆ ಉಪದೇಶಿಯು ಬಸ್ಸಿನಲ್ಲಿಯೋ ಬೈಕಿನಲ್ಲಿಯೋ ಹೋಗುತ್ತಾನೆ. ರಸ್ತೆಯೇ ಇಲ್ಲದ ಕಾಡುಗಳಿಗೆ ವಿಮಾನ ಬೇಕಾಯಿತು. ಅದಕ್ಕೆಂದೇ 1945ರಲ್ಲಿ ಅಮೆರಿಕದ ಪ್ರೊಟೆಸ್ಟೆಂಟ್ ವಿಮಾನಚಾಲಕರು ಕಟ್ಟಿದ ಮಿಷನರಿ ಏವಿಯೇಷನ್ ಫೆಲೋಶಿಪ್ ಸಂಸ್ಥೆಯ ಪರವಾಗಿ ನೇಟ್ ಸೇಂಟ್ ಮತ್ತು ಪತ್ನಿ ಮಾರ್ಜ್ 1948ರಲ್ಲಿ ಎಕ್ವಡಾರಿಗೆ ತೆರಳಿದರು. ನೇಟ್ ವಿಮಾನ ಹಾರಿಸುತ್ತಿದ್ದರು. ದಾದಿಯಾಗಿದ್ದ ಮಾರ್ಜ್ ನೆಲೆಯಲ್ಲಿ ರೇಡಿಯೊ ಮುಂದೆ ಕುಳಿತು ಅದರ ಹಾದಿಯನ್ನು ಕಾಯುತ್ತಿದ್ದರು. 1956ರ ಜನವರಿ 8ರಂದು ಸಂಜೆ 4.30ಕ್ಕೆ ಬರಬೇಕಿದ್ದ ಕರೆ ಬರಲಿಲ್ಲ. ನೇಟ್ ಹಾಗೂ ನಾಲ್ವರು ಸಂಗಡಿಗರು ಕುರಾರಾಯ್ ನದಿಯ ದಂಡೆಯಲ್ಲಿ ಹತರಾಗಿದ್ದರು.

ಮಾರ್ಜ್ ಅವರನ್ನು ಕೇವಲ ಚಾಲಕನ ಸಹಾಯಕಿ ಎನ್ನುವುದು ದೈವಶಾಸ್ತ್ರದ ದೃಷ್ಟಿಯಿಂದಲೂ ತಪ್ಪು. ದೀಕ್ಷಾಸ್ನಾನವೇ ಪತಿ-ಪತ್ನಿಯರಿಬ್ಬರನ್ನೂ ಕಳುಹಿಸುತ್ತದೆ. ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ತಿಳಿಯಪಡಿಸಿದವರು ಪ್ರಿಸ್ಸಿಲ್ಲ ಮತ್ತು ಅಕ್ವಿಲ, ಇಬ್ಬರೂ (ಪ್ರೇ.ಕಾ. 18:26). ಸಂತ ಪೌಲರು ಅವರಿಬ್ಬರನ್ನೂ ಸಹಕಾರ್ಮಿಕರೆಂದು ವಂದಿಸುವಾಗ (ರೋಮ 16:3) ಪತ್ನಿಯ ಹೆಸರೇ ಮೊದಲು ಬರುತ್ತದೆ. ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ 1965ರ ವ್ಯಾಟಿಕನ್ ಆಜ್ಞಪ್ತಿಯೂ ಈ ವಚನಗಳನ್ನೇ ನೆನೆಯುತ್ತದೆ.

ನಮ್ಮಲ್ಲಾದರೋ ಉಪದೇಶಿಯನ್ನು ನೇಮಿಸುವಾಗ ಆತನ ಪತ್ನಿಯ ಅಭಿಪ್ರಾಯವನ್ನು ಕೇಳುವವರು ವಿರಳ; ನಾನೂ ಕೇಳಿದವನಲ್ಲ. ಪ್ರಾರ್ಥನೆಗೆ ಮನೆ ತೆರೆದು, ಮಕ್ಕಳಿಗೆ ಜಪ ಕಲಿಸುವವಳು ಆಕೆಯೇ. ಮುಂದಿನ ನೇಮಕಪತ್ರದಲ್ಲಾದರೂ ಇಬ್ಬರ ಹೆಸರನ್ನೂ ಬರೆಯೋಣ.